ಸ್ಕಾರ್ಪಿಯೋದ ಬೇಸ್ ಬಾಕ್ಸ್

ಮಾರ್ಚ್ 4, ಮಂಗಳವಾರ

ಇವತ್ತು ನಮ್ಮನೆಯವರ ಬಲಗೈ ಮುರಿದರು. ನನ್ನ ಕಣ್ಣೆದುರಿಗೇ.

ಊಟದ ಕ್ಯಾರಿಯರ್ ಹಿಡಿದು ನಮ್ಮ ಕಾರ್ ಸ್ಪೀಕರ್ ಅಂಗಡಿಗೆ ಹೋದಾಗ ಮುಂದೆ ಕಪ್ಪು ಸ್ಕಾರ್ಪಿಯೋ ನಿಂತಿತ್ತು. ಹೋದ ವಾರ ಇವರೇ ಅದರ ಹಿಂದಿನ ಸೀಟು ಬಿಚ್ಚಿ, ಬಾಕ್ಸ್ ಮಾಡಿ, ಬೇಸ್ ಹೊಡೆಯೋ ದೊಡ್ಡ ಸ್ಪೀಕರು, ಸಬ್ ವೂಫರ್, ಕೂರಿಸಿ ಕಳಿಸಿದ್ದ ಗಾಡಿ. ಶ್ರೀಧರನದು. ಲೇಔಟ್ ಮಾಡೋನು, ತಕರಾರಿನ ಜಮೀನು ಬಿಡಿಸಿಕೊಡೋನು ಅಂತ ಬಂಗಾರಪೇಟೆಯಲ್ಲಿ ಅವನ ಹೆಸರು ಹೇಳಿದರೆ ಜನ ದನಿ ತಗ್ಗಿಸುತ್ತಾರೆ. ಕ್ಯಾಸಂಬಳ್ಳಿ ಹತ್ತಿರ ಯಾರದೋ ಗೃಹಪ್ರವೇಶಕ್ಕೆ ಹೋಗಿ, ಎಲ್ಲರ ಮುಂದೆ ಗಾಡಿ ಬಾಗಿಲು ತೆಗೆದು ಹಾಡು ಜೋರು ಮಾಡಿದನಂತೆ. ಮೊದಲು ಬಾಕ್ಸಿನ ಸಂದಿಯಿಂದ ಗಾಳಿ ಸೀಟಿ ಹೊಡೀತಂತೆ. ಆಮೇಲೆ ಸಬ್ಬಿನ ಮುಂದಿನ ಅದುರುವ ಪರದೆ, ಕೋನ್, ಹರಿದು ಪರಪರ ಅಂತ ಸದ್ದು ಮಾಡ್ತಂತೆ. ಜನ ನಕ್ಕರಂತೆ. ಇವರು ಮಾಡಿದ ಅಪರಾಧ ಅಷ್ಟೇ.

"ನಿನ್ ಬಾಕ್ಸು ಊಸು ಬಿಡ್ತದಲ್ಲೋ ಲೇ! ನಾಕು ಜನದ ಮುಂದೆ ನನ್ ಮಾನ ಕಳೆದ್ಯಲ್ಲೋ!" ಅಂತ ಕೂಗುತ್ತಿದ್ದ. ಇವರು "ಅಣ್ಣ, ಬಿಚ್ಚಿ ಬೇರೆ ಆಕ್ಕೊಡ್ತೀನಿ, ಸ್ವಲ್ಪ ತಡ್ಕಳಣ್ಣ" ಅನ್ನುತ್ತಾ ಹಿಂದಿನ ಬಾಗಿಲು ತೆಗೆದು ಬಾಕ್ಸ್ ಎಳೆಯಲು ಕೈ ಚಾಚಿದರು. ಕೈ ಇನ್ನೂ ಬಾಗಿಲ ಸಂದಿಯಲ್ಲೇ ಇತ್ತು. ಆ ರಾಕ್ಷಸ ಬಾಗಿಲು ಒದ್ದ. ಒಮ್ಮೆ ಒದ್ದು ಬಿಡಲಿಲ್ಲ. ಬಾಗಿಲು ತೆರೆದುಕೊಂಡ ಹಾಗೆಲ್ಲ ಮತ್ತೆ ಒದ್ದ. ಹಸಿ ಕಬ್ಬು ಮುರಿದ ಹಾಗೆ ಸದ್ದು ಬಂತು.

ಕ್ಯಾರಿಯರ್ ಕೈಯಿಂದ ಬಿದ್ದು ಸಾರು ರಸ್ತೆಗೆಲ್ಲ ಹರೀತು. ನಾನು ಕಿರುಚಿದೆನೋ ಇಲ್ಲವೋ ಗೊತ್ತಿಲ್ಲ. ಪಕ್ಕದ ಮರಗೆಲಸದ ಅಂಗಡಿಯಿಂದ ಕೋದಂಡಪ್ಪಣ್ಣ ಓಡಿ ಬಂದರು. ಶ್ರೀಧರನ ಇಬ್ಬರು ಹುಡುಗರು ಅವರನ್ನು ಗೋಡೆಗೆ ಒತ್ತಿ ಹಿಡಿದರು. ಹುಬ್ಬು ಒಡೆದು ರಕ್ತ ಕಣ್ಣಿಗೆ ಇಳೀತಿತ್ತು. ಆದರೂ "ಬಿಡಪ್ಪಾ, ಸತ್ತೋಗ್ತಾನೆ ಬಿಡಪ್ಪಾ" ಅಂತ ಬಾಯಿ ಬಿಟ್ಟವರು ಇಡೀ ರಸ್ತೆಯಲ್ಲಿ ಅವರೊಬ್ಬರೇ. ಉಳಿದವರೆಲ್ಲ ಎದುರಿನ ಬೇಕರಿಯಲ್ಲಿ ನಿಂತು ನೋಡಿದರು.

ಹೋಗುವಾಗ ಗಾಡಿ ಕೀ ನನ್ನ ಕಾಲ ಬುಡಕ್ಕೆ ಎಸೆದ. "ಗಾಡಿ ಇಲ್ಲೇ ಇರ್ತದೆ. ಯುಗಾದಿ ಒಳಗೆ ನಂಗೆ ಬೇಸ್ ಬೇಕು. ಎದೆಗೆ ಗುದ್ಬೇಕು, ಅಂಗಿರ್ಬೇಕು. ಇಲ್ಲಾಂದ್ರೆ ಇನ್ನೊಂದು ಕೈ ಐತಲ್ಲ ಅವನಿಗೆ."

ನನ್ನದೂ ತಪ್ಪಿದೆ. ಬೆಳಿಗ್ಗೆ ಉಪ್ಪಿಟ್ಟಿಗೆ ಉಪ್ಪು ಜಾಸ್ತಿಯಾಗಿ ಇವರು ತಟ್ಟೆ ನನ್ನ ಮೇಲೆ ಎಸೆದು ಹೊರಟಿದ್ದರು. ನೆಮ್ಮದಿಯಾಗಿ ತಿಂದು ಹೋಗಿದ್ದರೆ ಅವನ ಹತ್ತಿರ ಇನ್ನೂ ಚೆನ್ನಾಗಿ ಮಾತಾಡುತ್ತಿದ್ದರೇನೋ. ಉಪ್ಪಿನ ಡಬ್ಬಿಯನ್ನು ಕಣ್ಣಿಗೆ ಕಾಣದ ಹಾಗೆ ಹಿಂದಕ್ಕೆ ಸರಿಸಿಟ್ಟೆ.

ಮಾರ್ಚ್ 5, ಬುಧವಾರ

ಕೋಲಾರದ ಆಸ್ಪತ್ರೆ. ಇವರ ಮುಂಗೈಗೆ ರಾಡ್ ಹಾಕಿದ್ದಾರೆ. ಬೆರಳು ಮೊದಲಿನ ಹಾಗೆ ಮಡಚುತ್ತವೋ ಇಲ್ಲವೋ ಈಗಲೇ ಹೇಳಲಾಗದು ಅಂದರು ಡಾಕ್ಟರು.

ಕೋದಂಡಪ್ಪಣ್ಣ ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡು ನನ್ನ ಜೊತೆಗೇ ಇದ್ದರು. ಅವರ ಮನೆ ಕೆಜಿಎಫ್‌ನಲ್ಲಿ, ಮೈಸೂರು ಮೈನ್ಸ್ ಗಣಿ ಕೆಲಸದವರಿಗೆ ಕಟ್ಟಿದ್ದ ಲೈನ್ ಮನೆ. ದಿನಾ ಬಸ್ಸಿನಲ್ಲಿ ಬಂದು ಹೋಗ್ತಾರೆ. ಅವರ ಹೆಂಡತಿ ಮಾರಿಯಮ್ಮ ಬೆಳಿಗ್ಗೆ ಇಡ್ಲಿ ಕಟ್ಟಿಕೊಂಡು ಆಸ್ಪತ್ರೆಗೇ ಬಂದಿದ್ದರು. ನನ್ನ ಬಾಯಿಗೆ ತುತ್ತಿಟ್ಟು ತಿನ್ನಿಸಿದರು. ನಮ್ಮಮ್ಮ ಸತ್ತ ಮೇಲೆ ಹಾಗೆ ಯಾರೂ ತಿನ್ನಿಸಿರಲಿಲ್ಲ. ಅತ್ತುಬಿಟ್ಟೆ.

ಪೊಲೀಸ್ ಕಂಪ್ಲೇಂಟ್ ಕೊಡಬೇಕು ಅಂತ ಕೋದಂಡಪ್ಪಣ್ಣನೇ ಅಂದರು. ತಂಗಿ ಅನ್ನೋದಕ್ಕೆ ಅವರದು ತಮಿಳಿನ ತಂಗಚ್ಚಿ. "ಇವತ್ತು ಸುಮ್ನಿದ್ರೆ ನಾಳೆ ಇನ್ನೊಬ್ಬನ ಕೈ ತಂಗಚ್ಚಿ. ನಾನು ಸಾಕ್ಷಿ ಏಳ್ತೀನಿ. ನನ್ ಕಣ್ಣಾರೆ ನೋಡಿದೀನಿ."

ಸ್ಟೇಷನ್ನಿನಲ್ಲಿ ಕೂರಿಸಿ ಎಲ್ಲ ಬರೆದುಕೊಂಡರು. ಅವರದೂ ಹೇಳಿಕೆ ತಗೊಂಡರು. ನಾನು ಹಾಕಿದ ಸಹಿಯಲ್ಲಿ ಶಶಿರೇಖ ಅನ್ನೋದು ನನಗೇ ಓದಲಾಗಲಿಲ್ಲ.

ಮಾರ್ಚ್ 8, ಶನಿವಾರ

ಶ್ರೀಧರನಿಗೆ ಆಗಲೇ ಜಾಮೀನು ಸಿಕ್ಕಿದೆ. ಅವನ ಹುಡುಗರು ಬೆಳಿಗ್ಗೆಯಿಂದ ನಮ್ಮ ಅಂಗಡಿ ಮೆಟ್ಟಿಲ ಮೇಲೆ ಕೂತಿರುತ್ತಾರೆ. ಒಬ್ಬ ಬೈಕಿನ ಚೈನನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇರ್ತಾನೆ. ನಾನು ಹಾದುಹೋದರೆ ಹೇಳಬಾರದ್ದು ಹೇಳ್ತಾನೆ. ಬರೆಯಲೂ ಹೇಸಿಗೆ. ಮಗಳು ಲಿಖಿತ ಸ್ಕೂಲಿನಿಂದ ಬರುವಾಗ ಅವಳ ಬ್ಯಾಗ್ ಹಿಡಿದು ಎಳೆದನಂತೆ. ಆರನೇ ಕ್ಲಾಸಿನ ಮಗು. ಚಡ್ಡಿಯಲ್ಲೇ ಉಚ್ಚೆ ಹೊಯ್ದುಕೊಂಡು ಮನೆಗೆ ಬಂತು.

ಗಾಡಿ ಅಂಗಡಿ ಒಳಗೇ ನಿಂತಿದೆ. ಹಿಂದಿನ ಬಾಗಿಲ ಅಂಚಿನಲ್ಲಿ ರಕ್ತ ಒಣಗಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಒರೆಸುವಾಗ ಸಾಕ್ಷ್ಯ ಅಳಿಸ್ತಿದೀನೇನೋ ಅನ್ನಿಸ್ತು. ಹಾಗೇ ಬಿಡಲೂ ಆಗಲಿಲ್ಲ.

ಯೋಚನೆ ಮಾಡಿದೆ. ಬಾಕ್ಸ್ ಆದರೆ ಗಾಡಿ ಹೋಗುತ್ತೆ. ಗಾಡಿ ಹೋದರೆ ಈ ಹುಡುಗರು ಹೋಗ್ತಾರೆ. ಮದುವೆಯಾದಾಗಿನಿಂದ ಬಾಕ್ಸುಗಳಿಗೆ ಕಾರ್ಪೆಟ್ ಅಂಟಿಸಿದ್ದು ನಾನೇ. ವೈರಿಗೆ ಬೆಸುಗೆ ಹಾಕಿದ್ದೂ ನಾನೇ. ಹಲಗೆ ಕೊಯ್ಯಲು ಕೋದಂಡಪ್ಪಣ್ಣ ಇದ್ದಾರೆ. ಆಸ್ಪತ್ರೆಯಲ್ಲಿ ಇವರಿಗೆ ಹೇಳಿದೆ. ಮುಖ ಗೋಡೆಗೆ ತಿರುಗಿಸಿ ಮಲಗಿದರು.

ಮಾರ್ಚ್ 11, ಮಂಗಳವಾರ

ಹಳೇ ಬಾಕ್ಸ್ ಬಿಚ್ಚಿ ನೋಡಿದೆ. ಮೂಲೆಗಳಿಗೆ ಸಿಲಿಕೋನೇ ಹಚ್ಚಿಲ್ಲ. ಎರಡು ಹಲಗೆ ಸೇರುವಲ್ಲಿ ಉಗುರು ತೂರುವಷ್ಟು ಸಂದಿ. ಇವರು ಅವಸರದಲ್ಲಿ ಮಾಡಿದ್ದಾರೆ. ಅದು ಪೋರ್ಟ್ ಇರುವ ಬಾಕ್ಸ್. ಅಂದರೆ ಒಂದು ಕಡೆ ಕೊಳವೆ ಇಟ್ಟು ಗಾಳಿ ಹೊರಗೆ ಬರಲು ದಾರಿ ಬಿಟ್ಟಿರುತ್ತಾರೆ. ಅದರಿಂದ ಸದ್ದು ದೊಡ್ಡದಾಗುತ್ತೆ, ನಿಜ. ಆದರೆ ತೀರಾ ಕೆಳಗಿನ ದನಿ ಬಂದಾಗ ಕೋನನ್ನು ತಡೆಯೋರೇ ಇರಲ್ಲ. ಅಂಕೆ ತಪ್ಪಿ ಹಿಂದೆ ಮುಂದೆ ಬಡಿದುಕೊಂಡು ಹರಿದುಹೋಗುತ್ತೆ. ಈ ಸಬ್ಬಿಗೆ ಆಗಿದ್ದು ಅದೇ.

ಇನ್ನೊಂದು ಬಗೆ ಪೂರಾ ಮುಚ್ಚಿದ ಬಾಕ್ಸ್. ಸೀಲ್ಡ್. ಒಳಗಿನ ಗಾಳಿಗೆ ಹೋಗಲು ದಾರಿಯಿಲ್ಲ. ಆ ಗಾಳಿಯೇ ಕೋನನ್ನು ಹಿಂದಿನಿಂದ ಹಿಡಿದುಕೊಂಡಿರುತ್ತೆ. ಸದ್ದು ಊರೆಲ್ಲ ಹರಡಲ್ಲ, ಆದರೆ ಗಾಡಿಯೊಳಗೆ ಕೂತವನ ಎದೆಗೆ ನೇರ ಗುದ್ದುತ್ತೆ. ಅವನು ಕೇಳಿದ್ದೂ ಅದನ್ನೇ ತಾನೇ, ಎದೆಗೆ ಗುದ್ದಬೇಕು ಅಂತ.

ಫೋನಿನಲ್ಲಿ ಇವರಿಗೆ ಹೇಳಿದೆ, ಸೀಲ್ಡ್ ಮಾಡ್ತೀನಿ ಅಂತ. "ನಿಂಗೇನು ಗೊತ್ತು ಬಾಕ್ಸು? ಪೋರ್ಟೆಡ್ಡೇ ಮಾಡು. ಕಾರ್ಪೆಟ್ ಅಂಟ್ಸೋ ಮೂತಿಗೆ ಡಿಸೈನ್ ಬೇರೆ. ಬಂದ್ಮೇಲೆ ಐತೆ ನಿಂಗೆ" ಅಂದರು. ಆಸ್ಪತ್ರೆಯ ಮಂಚದಿಂದಲೂ ಆ ದನಿ ಕೇಳಿದರೆ ನನ್ನ ಬೆನ್ನು ತಾನೇ ಬಗ್ಗುತ್ತೆ.

ಆದರೂ ಸಬ್ಬಿನ ಜೊತೆ ಬಂದಿದ್ದ ಹಾಳೆ ಹುಡುಕಿ, ಸೀಲ್ಡ್ ಬಾಕ್ಸಿಗೆ ಒಳಗೆ ಎಷ್ಟು ಜಾಗ ಬೇಕು ಅಂತ ನೋಡಿದೆ. ಉದ್ದ ಅಗಲ ಎತ್ತರ ಗುಣಿಸಿ, ಸಬ್ಬು ತಾನೇ ತಿನ್ನುವ ಜಾಗ ಕಳೆದು, ಗಾಡಿಯ ಸೀಟಿನ ಓರೆಗೆ ಸರಿಯಾಗಿ ಬೆನ್ನು ಇಳಿಜಾರು ಇಟ್ಟು ಚಿತ್ರ ಬರೆದೆ. ಕೋದಂಡಪ್ಪಣ್ಣ ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ನೋಡಿ, "ಸರಿಯಾಗೈತೆ ತಂಗಚ್ಚಿ, ನಡುವೆ ಒಂದು ಅಡ್ಡಪಟ್ಟಿ ಕೊಡಣ, ಹಲಗೆ ಉಬ್ಬಲ್ಲ" ಅಂದರು.

ಮಾರ್ಚ್ 13, ಗುರುವಾರ

ಇವತ್ತು ಶ್ರೀಧರ್ ಬಂದಿದ್ದ. ಹೊರಗೆ ಕಾರು ನಿಂತ ಸದ್ದಾಯಿತು. ಕೈಯಲ್ಲಿದ್ದ ಸ್ಕ್ರೂ ಡ್ರೈವರ್ ಬಚ್ಚಿಡಲೋ ಹಿಡಿದುಕೊಳ್ಳಲೋ ಗೊತ್ತಾಗಲಿಲ್ಲ.

ಅವನು ಕುರ್ಚಿ ಎಳೆದುಕೊಂಡು ಕೂತ. ಕೂಗಲಿಲ್ಲ. ನಾನು ಬರೆದ ಚಿತ್ರ ಕೈಗೆ ತಗೊಂಡು, "ಇದು ನೀನೇ ಬರ್ದಿದ್ದಾ ಅಕ್ಕ? ಯಾಕೆ ತೂತು ಬಿಟ್ಟಿಲ್ಲ?" ಅಂತ ಕೇಳಿದ. ಹೇಳಿದೆ. ಪೂರಾ ಕೇಳಿಸಿಕೊಂಡ. ನಡುವೆ ಬಾಯಿ ಹಾಕಲಿಲ್ಲ. ನಾನು ಮಾತು ಮುಗಿಸುವವರೆಗೂ ಒಬ್ಬ ಗಂಡಸು ಸುಮ್ಮನೆ ಕೂತು ಕೇಳಿದ್ದು ನನಗೆ ನೆನಪಿಲ್ಲ.

"ಸರಿ ಅಕ್ಕ. ನೀನು ಏಳ್ದಂಗೇ ಆಗ್ಲಿ. ಏನಾದ್ರೂ ತೊಂದ್ರೆ ಐತಾ?"

ನಾನು ಚೈನಿನವನ ಕಡೆ ನೋಡಿದೆ. ಹೇಳಬೇಕು ಅಂತ ಇರಲಿಲ್ಲ, ಬಾಯಿಗೆ ಬಂದುಬಿಟ್ಟಿತು. "ಇವನು ನನ್ನ ಮಗಳ ಬ್ಯಾಗ್ ಎಳೆದ. ನನಗೂ ಕೆಟ್ಟ ಮಾತು ಆಡ್ತಾನೆ."

ಶ್ರೀಧರ್ ಎದ್ದು, ಅವನ ಬೆರಳಿನಿಂದ ಚೈನ್ ಬಿಚ್ಚಿಕೊಂಡ. ನಿಧಾನಕ್ಕೆ, ಮಗುವಿನ ಕೈಯಿಂದ ಬಳೆ ತೆಗೆದ ಹಾಗೆ. ಆಮೇಲೆ ಅದೇ ಚೈನಿನಿಂದ ಹೊಡೆದ. ಮುಖಕ್ಕೆ, ಭುಜಕ್ಕೆ, ಬಿದ್ದ ಮೇಲೆ ಬೆನ್ನಿಗೆ. "ಅಕ್ಕಂಗೆ ಏನ್ಲಾ ಅಂದೆ? ಏಳ್ಲಾ, ಏನಂದೆ?" ಅವನ ಕಿವಿ ಹರಿದು ನೇತಾಡುತ್ತಿತ್ತು. ಅಣ್ಣಾ ಅಣ್ಣಾ ಅಂತ ಶ್ರೀಧರನ ಕಾಲು ಹಿಡಿದ. "ನನ್ ಕಾಲಲ್ಲ ಲೇ, ಅಕ್ಕನ ಕಾಲು" ಅಂದ. ಅವನು ತೆವಳಿಕೊಂಡು ಬಂದು ನನ್ನ ಪಾದ ಮುಟ್ಟಿದ. ಪಾದದ ಮೇಲೆ ಅವನ ಬಾಯಿಯ ರಕ್ತ ಬಿತ್ತು. ಬೆಚ್ಚಗಿತ್ತು.

ನೋಡಲಾಗದೆ ಮುಖ ತಿರುಗಿಸಿದೆ. ಮತ್ತೆ ಈ ಕಡೆ ತಿರುಗಿ ನೋಡಿದೆ.

ಕೋದಂಡಪ್ಪಣ್ಣ ತಮ್ಮ ಅಂಗಡಿ ಬಾಗಿಲಲ್ಲಿ ನಿಂತಿದ್ದರು. ನನ್ನನ್ನೇ ನೋಡುತ್ತಿದ್ದರು. ಯಾಕೋ ಸಿಟ್ಟು ಬಂತು. ಲಿಖಿತ ಅತ್ತಿದ್ದು ಅವರಿಗೇನು ಗೊತ್ತು.

ಮಾರ್ಚ್ 17, ಸೋಮವಾರ

ಇವರನ್ನು ಮನೆಗೆ ಕರೆತಂದೆ. ಬಂದ ಅರ್ಧ ಗಂಟೆಗೇ ಶುರು. ಸೀಲ್ಡ್ ಬಾಕ್ಸಿಗೆ ಹಲಗೆ ತರಿಸಿದ್ದೀನಿ ಅಂತ ತಿಳಿದು ಎಡಗೈಯಲ್ಲಿ ನನ್ನ ಜಡೆ ಹಿಡಿದು ಬೀರುವಿಗೆ ತಲೆ ಗುದ್ದಿಸಿದರು. ಬಲಗೈ ಇಲ್ಲದಿದ್ದರೂ ಪೆಟ್ಟು ಅಷ್ಟೇ ಜೋರು. ಲಿಖಿತ ಅಡುಗೆಮನೆಗೆ ಓಡಿಹೋಗಿ ಬಾಗಿಲು ಹಾಕಿಕೊಂಡಳು.

ಆಗ ಅಂದೆ, "ಶ್ರೀಧರ್‌ಗೆ ಫೋನ್ ಮಾಡ್ಲಾ?"

ಇವರು ಜಡೆ ಬಿಟ್ಟರು. ಕೆಂಡ ಮುಟ್ಟಿದವರ ಹಾಗೆ. ಮಂಚದ ಮೇಲೆ ಹೋಗಿ ಕೂತರು. ಅನ್ನ ಹಾಕಿದೆ, ತಿಂದರು. ಸಾರಿಗೆ ಉಪ್ಪೇ ಹಾಕಿರಲಿಲ್ಲ ಅಂತ ನಾನು ತಿನ್ನುವಾಗ ಗೊತ್ತಾಯ್ತು. ಕೇಳಲೇ ಇಲ್ಲ.

ಒಂದೇ ಹೆಸರು. ಹನ್ನೆರಡು ವರ್ಷದಿಂದ ಎಷ್ಟು ದೇವರ ಹೆಸರು ಹೇಳಿದ್ದೆ.

ಮಾರ್ಚ್ 20, ಗುರುವಾರ

ಹಲಗೆ ಎಲ್ಲ ಕೊಯ್ದಾಯ್ತು. ಹದಿನೆಂಟು ಎಂಎಂ ಎಂಡಿಎಫ್. ಒಳಗೆ ಅಡ್ಡಪಟ್ಟಿ, ಅಂಚಿಗೆಲ್ಲ ಗಮ್, ಗಮ್ ಮೇಲೆ ಸ್ಕ್ರೂ. ಮೂಲೆಗಳಿಗೆ ಬೆರಳಿನಲ್ಲೇ ಸಿಲಿಕೋನ್ ತೀಡಿದೆ. ಒಣಗಲಿ ಅಂತ ಬಿಟ್ಟಿದ್ದೇನೆ.

ಮಧ್ಯಾಹ್ನ ಶ್ರೀಧರ್ ಅವರು ಬಂದಿದ್ದರು. ರಾಜಿ ಮಾಡ್ಕಳಣ ಅಕ್ಕ ಅಂದರು. ಆಸ್ಪತ್ರೆ ಖರ್ಚು ನಾನೇ ನೋಡ್ಕೊತೀನಿ, ಇನ್ಮೇಲೆ ನಮ್ಮ ಕಡೆಯ ಗಾಡಿ ಎಲ್ಲ ನಿನ್ನ ಅಂಗಡಿಗೇ ಅಂದರು. ನನ್ನ ಅಂಗಡಿ ಅಂದರು, ಇವರ ಹೆಸರು ಹಿಡಿದು ನಾಗೇಶನ ಅಂಗಡಿ ಅನ್ನಲಿಲ್ಲ. ಯೋಚನೆ ಮಾಡಿದರೆ ಅವರು ಹೇಳೋದರಲ್ಲೂ ಅರ್ಥವಿದೆ. ಕೈ ಮುರಿದದ್ದಂತೂ ಮುರೀತು. ಕೋರ್ಟಿಗೆ ಅಲೆದರೆ ಕೂಡುತ್ತಾ? ಮತ್ತೆ ಬಾಕ್ಸ್ ಕೆಟ್ಟದಾಗಿ ಮಾಡಿದ್ದೂ ನಿಜ ತಾನೇ.

"ನೀವು ಒಪ್ಪಿದ್ರೂ ಆ ಕಾರ್ಪೆಂಟರ್ ಐದಾನಲ್ಲ ಅಕ್ಕ. ಅವನು ನೋಡಿದೀನಿ ಅಂತ ನಿಂತ್ಕಂಡ್ರೆ ಕಷ್ಟ ಅಂತಾರೆ ವಕೀಲ್ರು. ನಿನ್ ಮಾತು ಕೇಳ್ತಾನೆ. ಒಂದು ಮಾತು ಏಳು."

ಹೇಳಿದೆ. ಕೋದಂಡಪ್ಪ ಉಳಿ ಕೆಳಗಿಟ್ಟರು. "ನಾನು ಕಂಡಿದ್ದು ಕಂಡಿದ್ದೇ ತಂಗಚ್ಚಿ. ಅದನ್ನ ಕಾಣ್ಲಿಲ್ಲ ಅಂತ ಎಂಗೆ ಏಳ್ಲಿ?"

"ನನ್ನ ಗಂಡನ ಕೈ. ನನಗೇ ಬೇಡ ಅಂದಮೇಲೆ ನಿಮಗ್ಯಾಕೆ?"

"ನಿನ್ನ ಗಂಡನ ಕೈ ಇವತ್ತು. ಅವತ್ತು ನೀನೇ ಅತ್ತಿದ್ದಲ್ಲಮ್ಮ."

ಅವರ ಮನೆ ಹತ್ತಿರ ಯಾರೋ ಹೋಗಿ ನೀರಿನ ಡ್ರಮ್ ಒಡೆದು, ಮಾರಿಯಮ್ಮನನ್ನು ತಳ್ಳಿ ಬಂದಿದ್ದಾರಂತೆ. ಹೇಳಿದರು. ಹಾಗಿದ್ದೂ ಇಷ್ಟು ಹಟ. ವಯಸ್ಸಾದಮೇಲೆ ಮನುಷ್ಯ ಇಷ್ಟು ಮೊಂಡಾಗಬಾರದು.

ಮಾರ್ಚ್ 22, ಶನಿವಾರ

ಬಾಕ್ಸಿಗೆ ಕಾರ್ಪೆಟ್. ಕಪ್ಪು. ಲಿಖಿತ ಬಂದು ಗಮ್ ಡಬ್ಬಿ ಬೀಳಿಸಿದಳು. ಸ್ಕೇಲ್ ಕೈಯಲ್ಲೇ ಇತ್ತು, ಒಂದು ಬಿಟ್ಟೆ. ಕಾಲಿನ ಮೇಲೆ ಗೆರೆ ಎದ್ದಿದೆ. ಮಕ್ಕಳಿಗೆ ಒಂದು ಭಯ ಇರಬೇಕು. ಎರಡನೇ ಕೋಟ್ ಗಮ್ ಹಚ್ಚಿದ ಮೇಲೆ ಚೆನ್ನಾಗಿ ಕೂತಿತು.

ಮಾರ್ಚ್ 25, ಮಂಗಳವಾರ

ನಾಗೇಶ ಬೆಳಿಗ್ಗೆ, "ಆ ಶ್ರೀಧರನ ಜೊತೆ ಏನೇ ನಿಂದು? ಅಂಗಡೀಲಿ ಅಕ್ಕ ಅಂತಾನೆ, ಇಂದ್ಗಡೆ ಏನಂತಾನೆ?" ಅಂದ.

ನಾನು ಅವನ ಪಕ್ಕ ಕೂತು, ಬ್ಯಾಂಡೇಜ್ ಕಟ್ಟಿದ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ರಾಡ್ ಇರುವ ಜಾಗದಲ್ಲಿ ಹೆಬ್ಬೆಟ್ಟಿನಿಂದ ಒತ್ತಿದೆ. ಮೊದಲು ಬೈದ. ಆಮೇಲೆ ಕೂಗಿದ. ಆಮೇಲೆ ಕೂಗಲೂ ಉಸಿರಿಲ್ಲದೆ ಬಾಯಿ ತೆರೆದುಕೊಂಡ. ತಪ್ಪಾಯ್ತು ಅನ್ನುವವರೆಗೂ ಒತ್ತಿದೆ. ತಪ್ಪಾಯ್ತು ಶಶಿ ಅಂದ. ಇನ್ನೊಂದು ಸಲ ಹೇಳು ಅಂದೆ. ಹೇಳಿದ.

ಆಮೇಲೆ ನಾನೇ ನೋವಿನ ಮಾತ್ರೆ ಕೊಟ್ಟು, ಹೊದಿಸಿ ಮಲಗಿಸಿ ಬಂದೆ. ಎಷ್ಟಾದರೂ ಗಂಡ.

ಹೊಸ ಸಬ್ ಬಂದಿದೆ. ನೋಡಿದರೆ ಮುಟ್ಟಬೇಕು ಅನ್ನಿಸುತ್ತೆ. ಬಾಕ್ಸಿನ ಒಳಗೆ ದಿಂಬಿನ ಪಾಲಿಯೆಸ್ಟರ್ ಹತ್ತಿ ತುಂಬಿದೆ, ಸ್ವಲ್ಪ ಹಗುರವಾಗಿ. ದನಿ ಮೆತ್ತಗಾಗುತ್ತೆ, ಗುಯ್ಗುಡಲ್ಲ. ಸಬ್ ಕೂರಿಸಿ ಸ್ಕ್ರೂಗಳನ್ನು ಎದುರು ಬದುರಾಗಿ ಬಿಗಿ ಮಾಡುತ್ತಾ ಬಂದೆ. ಒಂದೇ ಕಡೆ ಬಿಗಿ ಮಾಡಿದರೆ ಚೌಕಟ್ಟು ಓರೆಯಾಗಿ ಗಾಳಿ ಲೀಕ್ ಆಗುತ್ತೆ.

ಮಾರ್ಚ್ 28, ಶುಕ್ರವಾರ

ಇವತ್ತು ಫಿಟ್ಟಿಂಗ್. ಯುಗಾದಿಗೆ ಮೊದಲೇ ಮುಗಿಸಿದೆ.

ಬೆಳಿಗ್ಗೆ ಬಾಕ್ಸನ್ನು ಗಾಡಿಗೆ ಇಟ್ಟು, ಬ್ರೇಕ್ ಹಾಕಿದರೆ ಮುಂದಕ್ಕೆ ಹಾರದ ಹಾಗೆ ನೆಲಕ್ಕೆ ಪಟ್ಟಿ ಕೊಟ್ಟು ಬೋಲ್ಟ್ ಮಾಡಿದೆ. ಬ್ಯಾಟರಿಯಿಂದ ವೈರ್ ಎಳೆದು ಫ್ಯೂಸ್ ಹಾಕಿದೆ. ಆಂಪ್ಲಿಫೈಯರ್ ಸೀಟಿನ ಕೆಳಗೆ. ಎಲ್ಲ ಸರಿ.

ಮೂರು ಗಂಟೆ ಹೊತ್ತಿಗೆ ಶ್ರೀಧರಣ್ಣ ಬಂದರು. ಜೊತೆಗೆ ಇಬ್ಬರು. ಗಾಡಿ ಸುತ್ತ ಒಂದು ಸುತ್ತು ಹಾಕಿ, ಕಾರ್ಪೆಟ್ ಮೇಲೆ ಕೈಯಾಡಿಸಿ, "ಫ್ಯಾಕ್ಟ್ರೀಲಿ ಮಾಡ್ದಂಗೈತೆ ಅಕ್ಕ" ಅಂದರು. ಆಮೇಲೆ, "ಆ ಕಾರ್ಪೆಂಟರ್‌ನ ಒಂದ್ನಿಮಿಷ ಕರಿ. ನಾವು ಕರೆದ್ರೆ ಬರಲ್ಲ ಅವನು" ಅಂದರು.

ಪಕ್ಕದ ಅಂಗಡಿಗೆ ಹೋದೆ. ಕೋದಂಡಪ್ಪ ಒಂದು ಕಿಟಕಿಗೆ ರಂದ ಹೊಡೆಯುತ್ತಿದ್ದರು. "ಬಾಕ್ಸಿಂದು ಒಂದು ಮೂಲೆ ಎತ್ತಿಕೊಂಡಿದೆ, ಬಂದು ನೋಡ್ತೀರಾ?" ಅಂದೆ. "ಬಂದೆ ತಂಗಚ್ಚಿ" ಅಂತ ಕೈ ಒರೆಸಿಕೊಳ್ಳುತ್ತಾ ಬಂದರು. ಮೂಲೆ ಎತ್ತಿಕೊಂಡಿರಲಿಲ್ಲ.

ಅವರು ಒಳಗೆ ಬಂದ ಮೇಲೆ ಒಬ್ಬ ಶಟರ್ ಎಳೆದ. "ಅಕ್ಕ, ಟೆಸ್ಟಿಂಗ್ ಮಾಡು" ಅಂದರು ಶ್ರೀಧರಣ್ಣ. ನಾನು ಡ್ರೈವರ್ ಸೀಟಿನಲ್ಲಿ ಕೂತೆ. ಗಾಡಿಯ ಹಿಂದಿನ ಬಾಗಿಲು ತೆರೆದೇ ಇತ್ತು. ಮೊದಲು ಸಣ್ಣದಾಗಿ ಇಟ್ಟು ಪ್ಲಸ್ ಮೈನಸ್ ಸರಿಯಿದೆಯಾ ನೋಡಿದೆ. ಆಗ "ನಾನು ಸುಳ್ಳು ಏಳಲ್ಲಪ್ಪಾ" ಅಂತ ಕೋದಂಡಪ್ಪನ ದನಿ ಕೇಳಿಸಿತು. ಆಮೇಲೆ ಮೊದಲ ಪೆಟ್ಟು. ಅದು ಅವರೇ ಕೊಯ್ದು ಉಳಿದಿದ್ದ ಅಡ್ಡಪಟ್ಟಿಯ ತುಂಡು ಇರಬೇಕು, ಮರದ ಸದ್ದು.

ವಾಲ್ಯೂಮ್ ಏರಿಸಿದೆ.

ಶಟರ್ ಅದುರತೊಡಗಿತು. ಗೋಡೆಗೆ ನೇತುಹಾಕಿದ್ದ ಸ್ಪ್ಯಾನರುಗಳು ಒಂದಕ್ಕೊಂದು ತಾಗಿ ಕುಣಿದವು. ಬೇಸ್ ನನ್ನ ಬೆನ್ನಿನಿಂದ ಹೊಕ್ಕು ಎದೆಗೆ ಬಂದು ಬಡೀತಿತ್ತು. ಒಂದೊಂದೂ ಬಿಡಿಬಿಡಿಯಾಗಿ, ಗುದ್ದಿನ ಹಾಗೆ. ಇಷ್ಟು ಅಚ್ಚುಕಟ್ಟಾದ ಸದ್ದು ಈ ಅಂಗಡಿಯಿಂದ ಯಾವತ್ತೂ ಬಂದಿರಲಿಲ್ಲ. ಕನ್ನಡಿಯಲ್ಲಿ ಕೋದಂಡಪ್ಪ ಕಂಡರು. ಮಂಡಿಯ ಮೇಲೆ ಬಿದ್ದಿದ್ದರು. ಒಬ್ಬ ಕೂದಲು ಹಿಡಿದು ತಲೆ ಎತ್ತಿದ್ದ. ಬಾಯಿ ತೆರೆದಿತ್ತು, ಹಲ್ಲೆಲ್ಲ ಕೆಂಪು. ಏನು ಕೂಗಿದರೋ ಕೇಳಿಸಲಿಲ್ಲ. ಇನ್ನೊಬ್ಬ ಮರದ ತುಂಡು ಎತ್ತಿ ಕಿವಿಯ ಮೇಲೆ ಬೀಸಿದ. ಅವರು ಪಕ್ಕಕ್ಕೆ ಬಿದ್ದರು. ಬಿದ್ದ ಮೇಲೆ ಶೂ ಕಾಲಿನಿಂದ ಪಕ್ಕೆಗೆ ಒದ್ದರು, ಸರದಿಯಂತೆ.

ನಾನು ಕನ್ನಡಿ ಸ್ವಲ್ಪ ಓರೆ ಮಾಡಿ, ಬಾಕ್ಸ್ ಕಾಣುವ ಹಾಗೆ ಇಟ್ಟುಕೊಂಡೆ. ಕೋನ್ ಚೆನ್ನಾಗಿ ಆಡುತ್ತಿತ್ತು. ಎಲ್ಲೂ ಅಂಕೆ ತಪ್ಪಲಿಲ್ಲ.

ಶ್ರೀಧರಣ್ಣ ಕೈ ಎತ್ತಿ ಇನ್ನೂ ಅಂತ ಸನ್ನೆ ಮಾಡಿದರು. ಇನ್ನೂ ಕೊಟ್ಟೆ.

ಅವರು ಕೈ ಇಳಿಸಿದ ಮೇಲೆ ನಿಲ್ಲಿಸಿದೆ. ಕಿವಿ ಗುಂಯ್ ಅನ್ನುತ್ತಿತ್ತು. ಕೋದಂಡಪ್ಪನನ್ನು ಎತ್ತಿ ಅವರದೇ ಅಂಗಡಿ ಒಳಗೆ ಮಲಗಿಸಿ, ಆಟೋ ಹೇಳಿ ಕಳಿಸಿದರಂತೆ. ನಾನು ನೆಲ ತೊಳೆದು, ಊದುಬತ್ತಿ ಹಚ್ಚಿ ಬಾಕ್ಸಿನ ಸಂದಿಗಳ ಹತ್ತಿರ ಹಿಡಿದು ಇನ್ನೊಂದು ಸಲ ಹಾಡು ಹಾಕಿ ನೋಡಿದೆ. ಹೊಗೆ ನೆಟ್ಟಗೆ ಮೇಲಕ್ಕೆ ಹೋಯಿತು. ಎಲ್ಲೂ ಲೀಕ್ ಇಲ್ಲ.

ಮಾರ್ಚ್ 31, ಸೋಮವಾರ

ಯುಗಾದಿಯ ಮಾರನೇ ದಿನದ ವರ್ಷತೊಡಕು. ಶ್ರೀಧರಣ್ಣನ ಮನೆಯಿಂದ ಮಟನ್ ಬಂತು, ಎಳೆಯದು. ಮುದ್ದೆ ಮಾಡಿದ್ದೆ. ನಾಗೇಶನಿಗೆ ಎಡಗೈಯಲ್ಲಿ ಮುರಿಯಲು ಬರಲ್ಲ, ಲಿಖಿತ ತಿನ್ನಿಸಿದಳು. ಇಬ್ಬರೂ ಮಾತಾಡದೆ ತಿಂದರು. ಹಬ್ಬದ ದಿನ ಮನೆಯಲ್ಲಿ ಹೀಗೆ ಗಲಾಟೆಯಿಲ್ಲದೆ ಇರುವುದು ಎಷ್ಟು ಹಿತ.

ಲಿಖಿತ ಬೇಸಿಗೆ ರಜಾಕ್ಕೆ ಕ್ಯಾಸಂಬಳ್ಳಿಗೆ ನಮ್ಮಣ್ಣನ ಮನೆಗೆ ಹೋಗ್ತೀನಿ, ಅಲ್ಲೇ ಸ್ಕೂಲಿಗೂ ಸೇರ್ಕೊತೀನಿ ಅನ್ನುತ್ತಿದ್ದಾಳೆ. ಮಕ್ಕಳ ಆಸೆ ದಿನಕ್ಕೊಂದು.

ಇನ್ನೂ ಎರಡು ಗಾಡಿ ಬಂದಿವೆ. ಜಾಗ ಸಾಲುತ್ತಿಲ್ಲ. ಪಕ್ಕದ ಅಂಗಡಿ ಶಟರ್ ಮುಚ್ಚೇ ಇದೆ. ಓನರ್ ಹತ್ತಿರ ಮಾತಾಡಿ ಅದನ್ನೂ ನಿನಗೇ ಕೊಡಿಸ್ತೀನಿ ಅಕ್ಕ ಅಂದರು ಶ್ರೀಧರಣ್ಣ. ನಡುಗೋಡೆ ಒಡೆದರೆ ಎರಡು ಗಾಡಿ ಒಟ್ಟಿಗೆ ನಿಲ್ಲಿಸಬಹುದು.

ಏಪ್ರಿಲ್ 3, ಗುರುವಾರ

ಹನ್ನೊಂದು ಗಂಟೆಗೆ ಮಾರಿಯಮ್ಮ ಬಂದರು. ಬೇಕರಿ ಹತ್ತಿರ ಬಸ್ಸಿಳಿದು ರಸ್ತೆ ದಾಟುವಾಗಲೇ ನೋಡಿದೆ. ಒಳಗೆ ಹೋಗಿಬಿಡೋಣ ಅಂದುಕೊಂಡೆ. ಕೈಯಲ್ಲಿ ಬೆಸುಗೆ ಕಡ್ಡಿ ಕಾದಿತ್ತು, ಬಿಡಲಾಗಲಿಲ್ಲ.

ಸ್ಟೂಲ್ ಹಾಕಿದೆ. ಕೂರಲಿಲ್ಲ. ಸೀರೆ ಮುದುರಿತ್ತು. ಆಸ್ಪತ್ರೆಯಲ್ಲೇ ಮಲಗೆದ್ದು ಬಂದಿದ್ದಾರೆ ಅಂತ ಗೊತ್ತಾಗುತ್ತಿತ್ತು. ಕೋದಂಡಪ್ಪನ ಪಕ್ಕೆಲುಬು ಮುರಿದಿದೆಯಂತೆ. ಬಲಗಿವಿ ಹೋಯ್ತಂತೆ, ಇನ್ನು ಕೇಳಿಸಲ್ಲವಂತೆ. ಪೊಲೀಸರು ಆಸ್ಪತ್ರೆಗೆ ಬಂದು ಕೇಳಿದಾಗ ಬಸ್ಸಿನಿಂದ ಬಿದ್ದೆ ಅಂದರಂತೆ. ಮೊದಲಿನ ಹೇಳಿಕೆಯೂ ಬೇಡ, ನಾನೇನೂ ನೋಡಿಲ್ಲ ಅಂದರಂತೆ.

ಬಯ್ಯುತ್ತಾರೆ, ಮಣ್ಣು ತೂರುತ್ತಾರೆ ಅಂದುಕೊಂಡು ನಾನು ಸಿದ್ಧವಾಗಿದ್ದೆ. ಶ್ರೀಧರಣ್ಣನ ನಂಬರ್ ಕೂಡ ತೆಗೆದು ಇಟ್ಟುಕೊಂಡಿದ್ದೆ.

ಮಾರಿಯಮ್ಮ ನನ್ನ ಎರಡೂ ಕೈ ಹಿಡಿದುಕೊಂಡರು. "ಅವ್ರು ಎಲ್ಲಾ ಏಳಿದ್ರಮ್ಮ ನಂಗೆ. ನಿನ್ನನ್ನೂ ಬೆದರ್ಸಿ ಗಾಡಿ ಒಳಗೆ ಕೂರ್ಸಿದ್ರಂತೆ. ‘ಆ ಹೆಣ್ಮಗಳು ಒಳಗೆ ಕೂತ್ಕಂಡು ನಡುಗ್ತಾ ಇದ್ಲು ಮಾರಿ, ಅವಳಿಲ್ದೇ ಇದ್ದಿದ್ರೆ ನನ್ನ ಕೊಂದೇ ಆಕ್ತಿದ್ರು, ಎಣ್ಣು ಜೀವ ಎದುರಿಗೈತೆ ಅಂತ ಬಿಟ್ರು’ ಅಂದ್ರು. ಅದಕ್ಕೇ ನಿನ್ನ ನೋಡಿ ಕೈ ಮುಗ್ದು ಓಗಣ ಅಂತ ಬಂದೆ."

ನಾನು ನಡುಗಿದ್ದು ನೆನಪಿಲ್ಲ. ಬೇಸ್‌ನ ಗುದ್ದಿಗೆ ಸೀಟು ನಡುಗಿರಬೇಕು.

ಅವರು ನಿಜವಾಗಿಯೂ ಕೈ ಮುಗಿದರು, ದೇವಸ್ಥಾನದಲ್ಲಿ ಮುಗಿಯುವ ಹಾಗೆ, ಕಣ್ಣು ಮುಚ್ಚಿ. ಉಳಿ, ರಂದ, ಗರಗಸ ಎಲ್ಲ ಒಂದು ಚೀಲಕ್ಕೆ ತುಂಬಿಕೊಂಡು ಹೋಗ್ತೀನಿ, ಅಂಗಡಿ ಖಾಲಿ ಮಾಡ್ತೀವಿ ಅಂದರು. ನಾನೇ ಚೀಲ ಹಿಡಿದು ಸಹಾಯ ಮಾಡಿದೆ. ಭಾರವಿತ್ತು. ಎದುರು ಬೇಕರಿಯಿಂದ ಟೀ ತರಿಸಿ, ಕೆಜಿಎಫ್ ಬಸ್ ಬರುವವರೆಗೂ ಕೂರಿಸಿಕೊಂಡೆ. ಹತ್ತುವಾಗ ಮೆಟ್ಟಿಲ ಮೇಲೆ ನಿಂತು ಮತ್ತೆ ತಿರುಗಿ, "ನಿನ್ನ ಉಪ್ಕಾರ ಮರಿಯಲ್ಲಮ್ಮ" ಅಂದರು.

"ಅಯ್ಯೋ ಬಿಡಿ ಅಮ್ಮ," ಅಂದೆ, "ಅಕ್ಕಪಕ್ಕದವರು ಅಂದಮೇಲೆ ಅಷ್ಟೂ ಮಾಡದಿದ್ದರೆ ಹೇಗೆ."